ಹಳೆಯ ಬ್ರೇಕ್‌ಡೌನ್ ಲಾರಿಯ ಗಣಕಪ್ರತಿಕೃತಿ: ಕೆರಾಡಿಯ ಘಟ್ಟದ ದಾರಿಗಳನ್ನು ಕುರಿತು ಒಂದು ವಿಚಾರ

ಇತಿಹಾಸಾಭ್ಯಾಸಿಗಳು ಶಾಸನವನ್ನೂ ನಾಣ್ಯವನ್ನೂ ತಾಳೆಯೋಲೆಯನ್ನೂ ಆಧಾರಗಳೆಂದು ಒಪ್ಪಿಕೊಂಡಷ್ಟು ಸುಲಭವಾಗಿ ಯಂತ್ರವನ್ನು ಒಪ್ಪಿಕೊಂಡವರಲ್ಲ. ಒಪ್ಪಿಕೊಂಡ ಕಡೆಗಳಲ್ಲಿಯೂ ಅರಸರ ಮೋಟಾರುಗಳಿಗೂ ಮೊದಲ ರೈಲು ಎಂಜಿನುಗಳಿಗೂ ಸಂದ ಗೌರವವು ಕೂಲಿಯ ಯಂತ್ರಗಳಿಗೆ ಸಂದಿಲ್ಲ. ಪ್ರಸ್ತುತ ಲೇಖನದಲ್ಲಿ ನಾವು ವಿಚಾರಕ್ಕೆತ್ತಿಕೊಂಡಿರುವುದು ಅಂಥ ಒಂದು ಕೂಲಿಯ ಯಂತ್ರವನ್ನು. ದಾರಿಯಲ್ಲಿ ಕೆಟ್ಟು ನಿಂತ, ಇಲ್ಲವೆ ಹೊಂಡಕ್ಕೆ ಉರುಳಿದ ವಾಹನವನ್ನು ಎತ್ತಿ ಎಳೆದೊಯ್ಯುವ ಈ ಲಾರಿಯನ್ನು ನಮ್ಮ ಕಡೆ ಬ್ರೇಕ್‌ಡೌನ್ ಲಾರಿ ಎಂದೂ ಕೆಲವೊಮ್ಮೆ ಸುಮ್ಮನೆ ಕ್ರೇನ್ ಎಂದೂ ಕರೆಯುವರು. ಇಂಥ ಒಂದು ಹಳೆಯ ಲಾರಿಯ ಪ್ರತಿಕೃತಿಯನ್ನು ಗಣಕಯಂತ್ರದೊಳಗೆ, ನೋಡುವುದಕ್ಕೆ ಮಾತ್ರವಲ್ಲದೆ ಕೆಲಸ ಮಾಡುವಂತೆಯೂ, ಕಟ್ಟಲು ನಾವು ಯತ್ನಿಸಿದೆವು. ಆ ಯತ್ನದಲ್ಲಿ ನಮಗೆ ತಿಳಿದುಬಂದುದನ್ನೂ ನಾವು ಎಡವಿದುದನ್ನೂ ಇಲ್ಲಿ ನಿವೇದಿಸುತ್ತೇವೆ.

ಕೆರಾಡಿಯು ಕುಂದಾಪುರ ತಾಲ್ಲೂಕಿನ ಪೂರ್ವಭಾಗದಲ್ಲಿ, ಸಹ್ಯಾದ್ರಿಯ ಬುಡದಲ್ಲಿರುವ ಗ್ರಾಮ. ಮೂಡುಗಲ್ಲಿನ ಕೇಶವನಾಥೇಶ್ವರನ ಗುಹಾಲಯದಿಂದ ಅದು ಹಿಂದಿನಿಂದಲೂ ಭಕ್ತರಿಗೆ ಪರಿಚಿತ. ೨೦೨೨ರಲ್ಲಿ ತೆರೆಕಂಡ ‘ಕಾಂತಾರ’ ಚಲನಚಿತ್ರವು ಅಲ್ಲಿ ಚಿತ್ರಿತವಾದಂದಿನಿಂದ ಹೊರನಾಡಿನವರಿಗೂ ಪರಿಚಿತವಾಯಿತು. ಅದರ ಉತ್ತರಕ್ಕೆ ಕೊಲ್ಲೂರಿನಿಂದ ನಾಗೋಡಿಯ ಕಡೆಗೆ ಏರುವ ಘಟ್ಟವೂ ಆಗ್ನೇಯಕ್ಕೆ ಹೊಸಂಗಡಿಯಿಂದ ಹುಲಿಕಲ್ಲಿಗೆ ಏರುವ ಬಾಳೆಬರೆ ಘಟ್ಟವೂ ಇವೆ. ೧೯೫೬ರ ನವೆಂಬರ್ ೧ರ ವರೆಗೆ ಈ ಘಟ್ಟಗಳ ಕೆಳಗೆ ಮದರಾಸು, ಮೇಲೆ ಮೈಸೂರು. ಮಳೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಇದೇ ಘಟ್ಟಸಾಲಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆಷಾಢದಲ್ಲಿ ಕೆಮ್ಮಣ್ಣಿನ ದಾರಿಯಲ್ಲಿ ಹೂತ ಚಕ್ರವನ್ನು ಕಂಡವರಿಗೆ ಇತಿಹಾಸದ ಪ್ರಶ್ನೆ ತಾನಾಗಿಯೇ ಏಳುತ್ತದೆ: ಇಲ್ಲಿಗೆ ಮೋಟಾರು ಬಂದ ಮೇಲೆ, ಹೂತ ಮೋಟಾರನ್ನು ಎತ್ತಿದವರು ಯಾರು, ಯಾವುದರಿಂದ?

ಯಂತ್ರದ ಮೂಲವನ್ನು ಮೊದಲು ಸಂಕ್ಷೇಪವಾಗಿ ನೋಡೋಣ. ಅಮೆರಿಕದ ಟೆನೆಸ್ಸೀ ಸಂಸ್ಥಾನದ ಚಟನೂಗಾ ನಗರದಲ್ಲಿ ಗ್ಯಾರೇಜು ನಡೆಸುತ್ತಿದ್ದ ಅರ್ನೆಸ್ಟ್ ಹೋಮ್ಸ್ ಎಂಬವನು ೧೯೧೬ರಲ್ಲಿ ತೊರೆಯೊಂದಕ್ಕೆ ಉರುಳಿದ ಸ್ನೇಹಿತನ ಫೋರ್ಡ್ ಕಾರನ್ನು ಹಗ್ಗ, ದಿಮ್ಮಿ ಹಾಗೂ ಆಳುಗಳ ನೆರವಿನಿಂದ ಸುಮಾರು ಎಂಟು ಗಂಟೆಗಳ ಕಾಲ ಹೆಣಗಿ ಮೇಲೆತ್ತಿದನು. ಈ ಶ್ರಮವೇ ಅವನನ್ನು ಯೋಚನೆಗೆ ಹಚ್ಚಿತು. ೧೯೧೩ರ ಕ್ಯಾಡಿಲ್ಯಾಕ್ ಕಾರಿನ ಚೌಕಟ್ಟಿನ ಮೇಲೆ ಮೂರು ಕಂಬ, ಒಂದು ರಾಟೆ, ಒಂದು ಸರಪಳಿ ಇಷ್ಟನ್ನು ಜೋಡಿಸಿ ಅವನು ಮೊದಲ ಎಳೆಬಂಡಿಯನ್ನು ಮಾಡಿದನು. ಭಾರ ಎತ್ತುವಾಗ ಬಂಡಿ ತಾನೇ ಓಲಾಡತೊಡಗಲು, ಇಕ್ಕೆಲಗಳಲ್ಲಿ ನೆಲಕ್ಕೆ ಊರುವ ಕಾಲುಗಳನ್ನು ಸೇರಿಸಿದನು. ಮುಂದೆ ಅವನ ಕಂಪೆನಿಯು ಮಾಡಿದ ಜೋಡುಕಂಬದ ಎಳೆಬಂಡಿಗಳಲ್ಲಿ ಒಂದು ಕಂಬದ ಹಗ್ಗವನ್ನು ರಸ್ತೆಯ ಆಚೆ ಬದಿಯ ಮರಕ್ಕೆ ಕಟ್ಟಿ, ಇನ್ನೊಂದರಿಂದ ಈಚೆ ಬದಿಯ ಹೊಂಡದ ವಾಹನವನ್ನು ಎಳೆಯುವ ಕ್ರಮವಿದ್ದಿತು. ಬಂಡಿಯು ಎರಡು ಎಳೆತಗಳ ನಡುವೆ ತಕ್ಕಡಿಯಂತೆ ನಿಲ್ಲುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಡೈಮಂಡ್ ಟಿ ಕಂಪೆನಿಯ ಆರು ಚಕ್ರಗಳಿಗೂ ಚಾಲನೆಯುಳ್ಳ ೯೬೯ನೆಯ ಮಾದರಿಯ ಲಾರಿಗಳ ಮೇಲೆ ಇದೇ ಜೋಡುಕಂಬಗಳು ಕುಳಿತು ಮಿತ್ರರಾಷ್ಟ್ರಗಳ ಸೇನೆಗಳೊಡನೆ ಸಂಚರಿಸಿದವು. ಭಾರತದ ಸೇನೆಯಲ್ಲಿಯೂ ೧೯೪೩ರಲ್ಲಿ ಸ್ಥಾಪಿತವಾದ ವಿದ್ಯುತ್ ಹಾಗೂ ಯಾಂತ್ರಿಕ ಇಂಜಿನಿಯರರ ದಳವು ಕೆಟ್ಟ ವಾಹನಗಳ ಉದ್ಧಾರವನ್ನು ತನ್ನ ಕರ್ತವ್ಯಗಳಲ್ಲೊಂದಾಗಿ ವಹಿಸಿಕೊಂಡಿತು.

ನಮ್ಮ ಜಿಲ್ಲೆಯ ಕಥೆಯು ಇದಕ್ಕಿಂತ ಬೇರೆ. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ೧೯೧೪ರಲ್ಲಿ ಹುಟ್ಟಿದಂದಿನಿಂದ ದಕ್ಷಿಣ ಕನ್ನಡದ ಬಸ್ ಸಂಚಾರವು ಬಹುಮಟ್ಟಿಗೆ ಖಾಸಗಿಯವರ ಕೈಯಲ್ಲಿಯೇ ಬೆಳೆಯಿತು. ಮೈಸೂರು ಸಂಸ್ಥಾನದಲ್ಲಿ ೧೯೪೮ರಲ್ಲಿ ಸರಕಾರಿ ಸಾರಿಗೆ ಇಲಾಖೆಯು ಆರಂಭವಾದಾಗ ಘಟ್ಟದ ಕೆಳಗೆ ಅದರ ನೆರಳು ಬೀಳಲಿಲ್ಲ. ಆದುದರಿಂದ ಇಲ್ಲಿ ಕೆಟ್ಟ ವಾಹನವನ್ನು ಎತ್ತುವ ಹೊಣೆಯು ಅದರ ಯಜಮಾನನದೇ ಆಗಿದ್ದಿತೆಂದು ಊಹಿಸಬಹುದು. ಅಮೆರಿಕದಿಂದ ಎಳೆಬಂಡಿ ತರಿಸುವ ಶಕ್ತಿ ಅವನಿಗೆಲ್ಲಿ? ಯುದ್ಧ ಮುಗಿದ ಮೇಲೆ ಸೇನೆಯು ಡಿಸ್ಪೋಸಲ್ ಎಂಬ ಹೆಸರಿನಲ್ಲಿ ಮಾರಿದ ಲಾರಿಗಳು ದೇಶದ ಎಲ್ಲ ಕಡೆಗೂ ಹರಿದುಬಂದವು. ಅವುಗಳ ಪೆಟ್ರೋಲ್ ಎಂಜಿನನ್ನು ಕಿತ್ತು, ಮದರಾಸಿನ ಸಿಂಪ್ಸನ್ ಕಂಪೆನಿ ತಯಾರಿಸುತ್ತಿದ್ದ ಪರ್ಕಿನ್ಸ್ ಡೀಸೆಲ್ ಎಂಜಿನನ್ನು ಕೂಡಿಸುವುದು ಆ ಕಾಲದ ವಾಡಿಕೆ. ಸಾಮಾನು ಹೊರಲಾರದಷ್ಟು ಮುಪ್ಪಾದ ಲಾರಿಯ ಹಿಂಭಾಗವನ್ನು ಕತ್ತರಿಸಿ, ಎರಡು ಗರ್ಡರುಗಳನ್ನು ತುದಿಯಲ್ಲಿ ಕೂಡುವಂತೆ ಓರೆಯಾಗಿ ನಿಲ್ಲಿಸಿ, ಅದಕ್ಕೊಂದು ರಾಟೆ ತೂಗಿದರೆ ಬ್ರೇಕ್‌ಡೌನ್ ಲಾರಿ ಸಿದ್ಧವಾಯಿತು. ಗದ್ದೆಗೆ ನೀರೆತ್ತುವ ಏತವನ್ನು ಕಂಡವನಿಗೆ ಇದರಲ್ಲಿ ಹೊಸತೇನೂ ತೋರುವಂತಿಲ್ಲ.

ನಾವು ಪ್ರತಿಕೃತಿಗೆ ಮಾದರಿಯಾಗಿ ಆರಿಸಿಕೊಂಡದ್ದು ಇಂಥದೇ ಒಂದನ್ನು. ತಾಲ್ಲೂಕಿನ ಒಂದು ಗ್ಯಾರೇಜಿನ ಹಿಂಬದಿಯಲ್ಲಿ, ಮುತ್ತುಗದ ಪೊದೆಯ ನಡುವೆ ಅದು ನಿಂತಿದ್ದಿತು. ಅದರ ಮುಖ ಯುದ್ಧಕಾಲದ ಷೆವರ್ಲೆಯದು, ಎಂಜಿನ್ ಪರ್ಕಿನ್ಸ್, ಹಿಂದಿನ ಅಚ್ಚು ಮತ್ತಾವುದೋ ಲಾರಿಯದು. ಕಮಾನುಪಟ್ಟೆಗಳಲ್ಲಿಯೇ ಎರಡು ಬಗೆ. ಕೈಯಿಂದ ತಿರುಗಿಸುವ ವಿಂಚು ಇನ್ನೆಲ್ಲಿಂದಲೋ ಬಂದುದು. ಮೊದಲ ದಿನ ನಾವು ಹೊರಮೈಯ ಅಳತೆಗಳನ್ನು ತೆಗೆದುಕೊಂಡು, ಎಲ್ಲ ಕೋನಗಳಿಂದಲೂ ಕೆಲವು ನೂರು ಛಾಯಾಚಿತ್ರಗಳನ್ನು ತೆಗೆದೆವು. ವಿಂಚಿನ ಒಳಭಾಗವನ್ನು ಬಿಚ್ಚಿ ಅಳೆಯುವುದನ್ನು ಮಳೆ ಕಳೆದ ಮೇಲಿನ ಭೇಟಿಗೆಂದು ಉಳಿಸಿದೆವು. ಎರಡನೆಯ ಬಾರಿ ಹೋದಾಗ ಪೊದೆಯ ನಡುವೆ ನಾಲ್ಕು ಚಕ್ರಗಳ ಗುರುತು ಮಾತ್ರ ಇದ್ದಿತು. ಲಾರಿಯು ಗುಜರಿಗೆ ಹೋಗಿದ್ದಿತು. ಯಜಮಾನರನ್ನು ದೂರುವಂತಿಲ್ಲ. ಕಬ್ಬಿಣದ ಬೆಲೆ ಅವರಿಗೆ ಗೊತ್ತಿದ್ದಿತು, ಅದರ ಬೇರೆ ಬೆಲೆಯನ್ನು ನಾವು ಹೇಳಿರಲಿಲ್ಲ.

ಇದು ಒಂದು ಲಾರಿಯ ವಿಧಿಯಲ್ಲ. ೨೦೨೧ರಲ್ಲಿ ಕೇಂದ್ರ ಸರಕಾರವು ಪುರಾತನ ವಾಹನಗಳ ನೋಂದಣಿಗೆಂದು ಪ್ರತ್ಯೇಕ ನಿಯಮಗಳನ್ನು ಮಾಡಿತು. ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ, ಸ್ವಂತ ಬಳಕೆಯ ದ್ವಿಚಕ್ರ ವಾಹನ ಹಾಗೂ ಕಾರುಗಳಿಗೆ ಅದರಿಂದ ರಕ್ಷಣೆ ದೊರೆಯಿತು. ಲಾರಿಯು ಕಾರಲ್ಲ, ಅದರಲ್ಲಿಯೂ ಬ್ರೇಕ್‌ಡೌನ್ ಲಾರಿಯು ಹುಟ್ಟಿದ್ದೇ ಮೂಲರೂಪವನ್ನು ಕೆಡಿಸಿ. ಆದುದರಿಂದ ಅದು ಎರಡು ಕಾರಣಗಳಿಂದ ಈ ನಿಯಮದ ಹೊರಗೆ ಉಳಿಯುತ್ತದೆ. ಇನ್ನೊಂದು ಕಡೆ, ೨೦೨೩ರ ಏಪ್ರಿಲ್ ೧ರಿಂದ ಹದಿನೈದು ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿಯನ್ನು ನವೀಕರಿಸಕೂಡದೆಂಬ ಆಜ್ಞೆಯು ಜಾರಿಗೆ ಬಂದಿದೆ. ಹೊಗೆಯ ದೃಷ್ಟಿಯಿಂದ ಈ ಆಜ್ಞೆ ಯುಕ್ತವೇ ಇರಬಹುದು. ಧರ್ಮಸ್ಥಳದ ಕಾರುಗಳ ಸಂಗ್ರಹದಂಥವು ನಾಡಿನಲ್ಲಿರುವುದು ನಮ್ಮ ಭಾಗ್ಯ. ಆದರೆ ಆ ಕಾರುಗಳನ್ನು ಕೆಸರಿನಿಂದ ಎತ್ತಿದ ಲಾರಿಗೆ ಎಲ್ಲಿಯೂ ಜಾಗವಿಲ್ಲ. ಗಣಕಪ್ರತಿಕೃತಿಯು ಈ ಸ್ಥಿತಿಯಲ್ಲಿ ವಿನೋದವಾಗಿ ಉಳಿಯುವುದಿಲ್ಲ. ಅನೇಕ ವೇಳೆ ಉಳಿಯುವುದು ಅದೊಂದೇ.

ಆದರೆ ಪ್ರತಿಕೃತಿ ಯಾವುದರದು? ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಇಲ್ಲಿ ನೆನೆಯುವುದು ಉಚಿತ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಆಶ್ರಯದಲ್ಲಿ ಹಂಪಿಯನ್ನು ಗಣಕರೂಪದಲ್ಲಿ ದಾಖಲಿಸುವ ದೊಡ್ಡ ಯೋಜನೆಯೊಂದು ನಡೆದು, ಹುಬ್ಬಳ್ಳಿಯ ಬಿ. ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜಿನ ವಿದ್ವಾಂಸರೂ ಅದರಲ್ಲಿ ಪಾಲ್ಗೊಂಡರು. ಅದರ ಫಲಿತಗಳು ೨೦೧೭ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಗಿವೆ. ಕರ್ನಾಟಕದಲ್ಲಿ ಈ ಬಗೆಯ ಕೆಲಸಕ್ಕೆ ಅದಕ್ಕಿಂತ ಗಣ್ಯವಾದ ಉದಾಹರಣೆಯನ್ನು ನಾವು ಕಾಣೆವು. ಈಗ ಕಲ್ಲಿನ ರಥದ ಮೇಲೆ ಗೋಪುರವಿಲ್ಲ. ಆದರೆ ಅಲೆಗ್ಸಾಂಡರ್ ಗ್ರೀನ್‌ಲಾ ೧೮೫೬ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಇಟ್ಟಿಗೆಯ ಗೋಪುರವು ಸ್ಪಷ್ಟವಾಗಿದೆ. ಮುಂದೆ ನಿಂತಿರುವ ಆನೆಗಳು ಮೂಲದವಲ್ಲ. ಮೊದಲಿದ್ದ ಕುದುರೆಗಳ ಅವಶೇಷಗಳು ಅವುಗಳ ಹಿಂದೆ ಇಂದಿಗೂ ಕಾಣುತ್ತವೆ. ಹೀಗಿರಲು ರಥದ ಪ್ರತಿಕೃತಿ ಮಾಡುವವನು ಗೋಪುರವನ್ನು ಇಡಬೇಕೆ, ಆನೆಯನ್ನು ತೆಗೆಯಬೇಕೆ? ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ (೧೯೬೪) ಓದಿದವರಿಗೆ ಈ ಪ್ರಶ್ನೆ ಪರಿಚಿತವೇ. ಓಲೆಯ ಪ್ರತಿಗಳಲ್ಲಿ ಕವಿಯ ಪಾಠ ಯಾವುದು, ಲಿಪಿಕಾರನ ಕೈ ಯಾವುದು ಎಂದು ಬಿಡಿಸುವ ಶಾಸ್ತ್ರವದು. ನಮ್ಮ ಲಾರಿಯ ವಿಷಯದಲ್ಲಿ ಮಾತ್ರ ಕವಿಯೇ ಇಲ್ಲ, ಎಲ್ಲರೂ ಲಿಪಿಕಾರರೇ. ಷೆವರ್ಲೆಯ ಕಾರ್ಖಾನೆಯಿಂದ ಹೊರಟ ರೂಪವನ್ನು ಮೂಲವೆಂದು ಹಿಡಿದರೆ ಬ್ರೇಕ್‌ಡೌನ್ ಲಾರಿಯೇ ಮಾಯವಾಗುವುದು. ಆದುದರಿಂದ ಕೊನೆಯ ದುರಸ್ತಿಯ ರೂಪವನ್ನೇ ಪಾಠವಾಗಿ ಹಿಡಿದು, ಪ್ರತಿಯೊಂದು ಭಾಗಕ್ಕೂ ಅದು ಎಲ್ಲಿಯದೆಂಬ ಟಿಪ್ಪಣಿಯನ್ನು ಗಣಕದಲ್ಲಿಯೇ ಸೇರಿಸುವುದೆಂದು ನಿಶ್ಚಯಿಸಿದೆವು. ಈ ನಿಶ್ಚಯದಲ್ಲಿ ನಾವು ಪೂರ್ಣ ಪ್ರಾಮಾಣಿಕರಾಗಿರಲಿಲ್ಲವೆಂಬುದು ಮುಂದೆ ತಿಳಿಯುವುದು.

ಕಟ್ಟುವ ಕ್ರಮವನ್ನು ವಿಸ್ತರಿಸುವುದಿಲ್ಲ. ಛಾಯಾಚಿತ್ರಗಳನ್ನು ಒಂದಕ್ಕೊಂದು ಹೋಲಿಸಿ ಗಣಕವು ಮೇಲ್ಮೈಯ ಆಕಾರವನ್ನು ತಾನೇ ಲೆಕ್ಕಹಾಕುತ್ತದೆ. ಆ ಆಕಾರದ ಮೇಲೆ, ೨೦೦೨ರಿಂದ ಮುಕ್ತವಾಗಿ ದೊರೆಯುವ ಬ್ಲೆಂಡರ್ ತಂತ್ರಾಂಶದಲ್ಲಿ ಬಿಡಿಭಾಗಗಳನ್ನು ಒಂದೊಂದಾಗಿ ಬರೆದೆವು. ಇಷ್ಟರಿಂದ ಆಗುವುದು ಚಿತ್ರ. ಕೆಲಸ ಮಾಡುವ ಪ್ರತಿಕೃತಿಗೆ ಪ್ರತಿ ಭಾಗಕ್ಕೂ ತೂಕ ಬೇಕು, ಕೀಲಿಗೆ ಮಿತಿ ಬೇಕು, ಚಕ್ರಕ್ಕೂ ನೆಲಕ್ಕೂ ನಡುವೆ ಘರ್ಷಣೆ ಬೇಕು. ಹಗ್ಗವನ್ನು ನೂರಾರು ಚಿಕ್ಕ ತುಂಡುಗಳ ಸರಪಳಿಯಾಗಿ ಕಲ್ಪಿಸಬೇಕಾಗುತ್ತದೆ. ನಮ್ಮ ಮೊದಲ ಹಗ್ಗವು ಭಾರ ಬಿದ್ದೊಡನೆ ಹಾವಿನಂತೆ ನಡುಗಿತು. ಕಾರಣ ನಾವೇ, ಅದಕ್ಕೆ ಎಳ್ಳಷ್ಟೂ ಹಿಗ್ಗುವ ಗುಣವನ್ನು ಕೊಟ್ಟಿರಲಿಲ್ಲ. ವಿಂಚಿನ ಒಳಭಾಗವನ್ನು ಅಳೆದಿರಲಿಲ್ಲವಷ್ಟೆ. ಅದು ಸುರುಳಿ ಹಲ್ಲಿನ ದಂಡ ಹಾಗೂ ಗಾಲಿಗಳ ಜೋಡಿಯೆಂಬುದು ಹೊರಗಿನಿಂದ ಗೊತ್ತಾಗಿದ್ದಿತು. ಈ ಜೋಡಿಯ ಗುಣವೆಂದರೆ ದಂಡವು ಗಾಲಿಯನ್ನು ತಿರುಗಿಸಬಲ್ಲುದು, ಗಾಲಿಯು ದಂಡವನ್ನು ತಿರುಗಿಸಲಾರದು. ಅಂದರೆ ಹಿಡಿಕೆ ಬಿಟ್ಟರೂ ತೂಗಿದ ಭಾರವು ಕೆಳಕ್ಕಿಳಿಯದು. ಹಲ್ಲುಗಳ ಸಂಖ್ಯೆಯನ್ನು ಊಹೆಯೆಂದೇ ದಾಖಲಿಸಿದ್ದೇವೆ.

ಈಗ ಮುಖ್ಯವಾದ ಸಂಗತಿ. ಆ ಲಾರಿಯ ಮುಂದಿನ ಬಂಪರಿನ ಮೇಲೆ ಎರಡು ತುಂಡು ರೈಲುಪಟ್ಟಿಗಳನ್ನು ಬೆಸೆದಿದ್ದರು. ಕುರೂಪವಾಗಿ ಕಾಣುತ್ತಿದ್ದ ಅವನ್ನು ನಾವು ಡಿಕ್ಕಿಯ ಭಯದಿಂದ ಯಾರೋ ಈಚೆಗೆ ಸೇರಿಸಿದ ಕಬ್ಬಿಣವೆಂದು ಬಗೆದು, ನಮ್ಮ ನಿಶ್ಚಯವನ್ನು ನಾವೇ ಮುರಿದು, ಪ್ರತಿಕೃತಿಯಿಂದ ಕೈಬಿಟ್ಟೆವು. ಪ್ರತಿಕೃತಿಗೆ ಕೊಕ್ಕೆ ಹಾಕಿ ಕೆಟ್ಟ ಲಾರಿಯೊಂದರ ಮೂತಿಯನ್ನು ಎತ್ತಿಸಿ ಏರಿನಲ್ಲಿ ಓಡಿಸಲಾಗಿ, ತಿರುವಿನಲ್ಲಿ ಅದು ಚುಕ್ಕಾಣಿಗೆ ಬಗ್ಗದೆ ನೇರವಾಗಿ ಹೊಂಡದ ಕಡೆಗೆ ಹೋಯಿತು. ಲೆಕ್ಕ ಸರಳವೇ ಆಗಿದೆ. ಮುಂದಿನ, ಹಿಂದಿನ ಅಚ್ಚುಗಳ ನಡುವೆ ೪ ಮೀಟರು; ಕೊಕ್ಕೆಯು ಹಿಂದಿನ ಅಚ್ಚಿನಿಂದ ೧.೫ ಮೀಟರು ಹಿಂದೆ. ೨ ಟನ್ ತೂಗಿದರೆ ಮುಂದಿನ ಅಚ್ಚಿನ ಮೇಲಿಂದ ಮುಕ್ಕಾಲು ಟನ್ ಭಾರ ಇಳಿಯುವುದು. ಅಲ್ಲಿ ಇದ್ದುದೇ ಸುಮಾರು ಒಂದೂವರೆ ಟನ್, ಅರ್ಧ ಹೋಯಿತು. ಏರಿನಲ್ಲಿ ಇನ್ನಷ್ಟು ಹೋಗುವುದು. ಆಮೇಲೆ ಪಟ್ಟಿಗಳನ್ನು ಛಾಯಾಚಿತ್ರದಲ್ಲಿ ಮತ್ತೆ ನೋಡಿದೆವು. ತಲಾ ೨ ಮೀಟರು ಉದ್ದ, ಗಜಕ್ಕೆ ೯೦ ಪೌಂಡಿನ ತರದ ಪಟ್ಟಿ. ಎರಡೂ ಸೇರಿ ಸುಮಾರು ೧೮೦ ಕಿಲೋ. ಅಚ್ಚಿನಿಂದ ಒಂದು ಮೀಟರು ಮುಂದಿರುವುದರಿಂದ ಮುಂದಿನ ಚಕ್ರಗಳ ಮೇಲೆ ಅದರ ಫಲ ೨೨೦ ಕಿಲೋಗಳಷ್ಟು. ಅವನ್ನು ಮರಳಿ ಇಟ್ಟಾಗ ಪ್ರತಿಕೃತಿಯು, ಸ್ವಲ್ಪ ಹಟ ಮಾಡಿಯಾದರೂ, ತಿರುವನ್ನು ತೆಗೆದುಕೊಂಡಿತು. ಹೋಮ್ಸನು ಕಾಲುಗಳನ್ನು ಸೇರಿಸಿ ಸಾಧಿಸಿದ ಸಮತೂಕದ ಪ್ರಶ್ನೆಗೆ, ಅವನ ಹೆಸರನ್ನೂ ಕೇಳದ ನಮ್ಮ ಬೆಸುಗೆಗಾರನು ತನ್ನದೇ ಉತ್ತರವನ್ನು ಕಂಡುಕೊಂಡಿದ್ದನು. ಇದನ್ನು ನಮಗೆ ಯಾವ ಕಡತವೂ ಹೇಳುತ್ತಿರಲಿಲ್ಲ. ನಿಶ್ಚಲವಾದ ಚಿತ್ರವೂ ಹೇಳುತ್ತಿರಲಿಲ್ಲ.

ಪಟ್ಟಿಗಳು ಇನ್ನೊಂದು ಮಾತನ್ನೂ ಹೇಳುತ್ತವೆ. ಕುಂದಾಪುರದ ಮೇಲೆ ಹಾಯುವ ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದದ್ದು ೧೯೯೮ರಲ್ಲಿ. ಅದರಲ್ಲಿ ಹಾಸಿದುದು ಇದಕ್ಕಿಂತ ಭಾರವಾದ ಪಟ್ಟಿಗಳನ್ನು. ಆದುದರಿಂದ ಈ ತುಂಡುಗಳು ೧೯೦೭ರಲ್ಲಿಯೇ ರೈಲು ಕಂಡಿದ್ದ ಮಂಗಳೂರಿನ ಕಡೆಯ ಗುಜರಿಯಿಂದ ಬಂದಿರುವುದು ಹೆಚ್ಚು ಸಂಭವ. ರೈಲಿಲ್ಲದ ನಾಡಿಗೆ ರೈಲಿನ ಕಬ್ಬಿಣವು ಲಾರಿಯ ಬಂಪರಾಗಿ ಪ್ರವೇಶಿಸಿತೆಂದಾಯಿತು.

ಲಾರಿ ಬರುವ ಮೊದಲಿನ, ಹಾಗೂ ಬಂದ ಮೇಲೆಯೂ ದೂರದ ಹಳ್ಳಿಗಳಲ್ಲಿ ಮುಂದುವರಿದ ಕ್ರಮವು ಹಗ್ಗದ್ದು. ಕೆರಾಡಿಯ ಕಡೆ ಒಮ್ಮೆ ಲಾರಿಯ ಕ್ಲೀನರರಾಗಿದ್ದ ಹಿರಿಯರೊಬ್ಬರನ್ನು ನಾವು ಕಂಡು ವಿಚಾರಿಸಿದಾಗ, ಇಳಿಜಾರಿನಲ್ಲಿ ಹಿಂದಕ್ಕೆ ಜಾರುವ ಲಾರಿಯನ್ನು ಹಿಡಿಯಲು ಹಗ್ಗವನ್ನು ಮರಕ್ಕೆ ಸುತ್ತುತ್ತಿದ್ದುದನ್ನು ಅಭಿನಯಿಸಿಯೇ ತೋರಿಸಿದರು. “ಒಂದ್ ಸುತ್ತ್ ಹಾಕ್ರೆ ಮೂರ್ ಜನ ಬೇಕ್. ಇನ್ನೊಂದ್ ಸುತ್ತ್ ಹಾಕ್ರೆ ಒಬ್ಬನೇ ಸಾಕ್ ಮಾರಾಯ್ರೆ” ಎಂಬುದು ಅವರ ಮಾತು. ಇಂಥ ಮಾತುಗಳನ್ನು ನಾವು, ಇತಿಹಾಸದವರು, ಸಾಮಾನ್ಯವಾಗಿ ಅತಿಶಯೋಕ್ತಿಯೆಂದು ಬದಿಗಿಡುತ್ತೇವೆ. ಆದರೆ ಕಂಬಕ್ಕೆ ಸುತ್ತಿದ ಹಗ್ಗದ ಗಣಿತವನ್ನು ಆಯ್ಲರನು ಹದಿನೆಂಟನೆಯ ಶತಮಾನದಲ್ಲಿಯೇ ಬಿಡಿಸಿದ್ದಾನೆ. ಸುತ್ತು ಕೂಡುತ್ತ ಹೋದಂತೆ ಹಿಡಿತವು ಕೂಡುವುದಿಲ್ಲ, ಗುಣಿಸುತ್ತದೆ. ಹಗ್ಗಕ್ಕೂ ತೊಗಟೆಗೂ ಘರ್ಷಣೆಯ ಪ್ರಮಾಣ ೦.೩ ಎಂದಿಟ್ಟರೆ ಒಂದು ಸುತ್ತಿಗೆ ಆರೂವರೆ ಪಟ್ಟು, ಎರಡು ಸುತ್ತಿಗೆ ೪೩ ಪಟ್ಟು. ೬ ಟನ್ನಿನ ಲಾರಿ ಹನ್ನೆರಡಕ್ಕೊಂದರ ಇಳಿಜಾರಿನಲ್ಲಿದ್ದರೆ ಅದನ್ನು ಹಿಡಿಯಲು ಸುಮಾರು ೫೦೦ ಕಿಲೋ ಎಳೆತ ಬೇಕು. ಒಂದು ಸುತ್ತಿನಲ್ಲಿ ಹಿಡಿಯುವವರ ಪಾಲಿಗೆ ಬರುವುದು ೭೫ ಕಿಲೋ. ಆಳಿಗೆ ೨೫ ಕಿಲೋದಂತೆ ಮೂರು ಜನರೇ. ಎರಡು ಸುತ್ತಿನಲ್ಲಿ ೧೨ ಕಿಲೋ. ಒಬ್ಬನು ಸಾಕು, ಇನ್ನೊಂದು ಕೈಯಲ್ಲಿ ಬೀಡಿ ಹಿಡಿದಿರಲೂಬಹುದು. ಪ್ರತಿಕೃತಿಯಲ್ಲಿ ಮರವೊಂದನ್ನು ನೆಟ್ಟು ಹಗ್ಗ ಸುತ್ತಿ ನೋಡಿದಾಗ ಫಲಿತವು ಇದಕ್ಕೆ ಹತ್ತಿರವಾಗಿಯೇ ಬಂದಿತು. ಮೌಖಿಕ ಸಾಕ್ಷ್ಯವನ್ನು ಪರೀಕ್ಷಿಸಲು ಇದಕ್ಕಿಂತ ನ್ಯಾಯವಾದ ಸಾಧನವು ನಮಗೆ ಈ ಹಿಂದೆ ದೊರೆತಿರಲಿಲ್ಲ.

ಹಗ್ಗದ ವಿದ್ಯೆಯು ಯಂತ್ರದ ಮುಂದೆ ಕೂಡಲೇ ಸೋತಿತೆಂದು ಭಾವಿಸುವುದೂ ತಪ್ಪು. ೧೯೮೮ರ ಜುಲೈ ೮ರಂದು ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೋಗುತ್ತಿದ್ದ ಐಲೆಂಡ್ ಎಕ್ಸ್‌ಪ್ರೆಸ್ ರೈಲು ಕೇರಳದ ಪೆರುಮಣ್ಣಿನಲ್ಲಿ ಅಷ್ಟಮುಡಿ ಹಿನ್ನೀರಿಗೆ ಬಿದ್ದು ನೂರಕ್ಕೂ ಹೆಚ್ಚು ಜನ ಮಡಿದಾಗ, ಮುಳುಗಿದ ಬೋಗಿಗಳನ್ನು ಎತ್ತುವಲ್ಲಿ ಮಲಬಾರಿನ ಮಾಪಿಳ್ಳೆ ಖಲಾಸಿಗಳು ತಮ್ಮ ಹಗ್ಗ, ರಾಟೆಗಳೊಡನೆ ಪಾಲ್ಗೊಂಡದ್ದು ಪ್ರಸಿದ್ಧವಾಗಿದೆ. ನಮ್ಮ ಕರಾವಳಿಯ ರಂಪಣಿ ಬಲೆಯ ಎಳೆತ, ರಥಬೀದಿಯಲ್ಲಿ ತೇರಿನ ಗಾಲಿಗೆ ಸನ್ನೆ ಹಾಕುವವರ ಕೈಚಳಕ, ಇವೆಲ್ಲ ಒಂದೇ ವಿದ್ಯೆಯ ಶಾಖೆಗಳು. ಬ್ರೇಕ್‌ಡೌನ್ ಲಾರಿಯನ್ನು ಈ ಪರಂಪರೆಯಿಂದ ಬೇರ್ಪಡಿಸಿ, ಬರಿಯ ವಿದೇಶೀಯ ಯಂತ್ರವೆಂದು ವಿವರಿಸುವವರೊಡನೆ ನಾವು ಸಮ್ಮತಿಸಲಾರೆವು.

ಚಲನಚಿತ್ರದವರೂ ಹಳೆಯ ಕಾಲವನ್ನು ಮರಳಿ ಕಟ್ಟುತ್ತಾರೆ. ‘ಕಾಂತಾರ’ದ ಕಥೆಯ ಬಹುಭಾಗ ೧೯೯೦ರ ಕಾಲದ್ದು, ಕೆರಾಡಿಯಲ್ಲಿ ಅದಕ್ಕೆ ತಕ್ಕ ಊರನ್ನೇ ನಿರ್ಮಿಸಿದರು. ಅವರಿಗೆ ಕಣ್ಣಿಗೆ ಒಪ್ಪಿದರೆ ಸಾಕು, ಅದು ನ್ಯಾಯವೇ. ನಮಗೆ ಸಾಲದು. ಗಣಕದ ಚಿತ್ರವು ಕಣ್ಣಿಗೆ ಎಷ್ಟು ಒಪ್ಪುವುದೋ ಅಷ್ಟು ಅಪಾಯಕಾರಿ. ಊಹಿಸಿದ ಹಲ್ಲೂ ಅಳೆದ ಗರ್ಡರೂ ಅದರಲ್ಲಿ ಒಂದೇ ಹೊಳಪಿನಿಂದ ಹೊಳೆಯುತ್ತವೆ. ಪ್ರಾಚೀನ ವಸ್ತುಗಳ ಗಣಕದರ್ಶನಕ್ಕೆಂದು ೨೦೦೬ರಲ್ಲಿ ರೂಪುಗೊಂಡ ಲಂಡನ್ ಸನ್ನದು ಈ ಕಾರಣದಿಂದಲೇ, ಪ್ರತಿಯೊಂದು ನಿರ್ಧಾರಕ್ಕೂ ಆಧಾರವೇನು, ಊಹೆಯೆಷ್ಟು ಎಂಬುದನ್ನು ಬರೆದಿಡಬೇಕೆಂದು ವಿಧಿಸಿತು. ನಾವು ಅಳೆದ ಭಾಗಗಳನ್ನು ಅವುಗಳ ಬಣ್ಣದಲ್ಲಿಯೂ, ಛಾಯಾಚಿತ್ರದಿಂದ ಪಡೆದವನ್ನು ಬೂದುಬಣ್ಣದಲ್ಲಿಯೂ, ಊಹೆಯವನ್ನು ಬಿಳಿಯಾಗಿಯೂ ಬಿಟ್ಟಿದ್ದೇವೆ. ನೋಡಿದವರು ಲಾರಿಗೆ ತೊನ್ನು ಹಿಡಿದಂತಿದೆ ಎಂದು ನಕ್ಕರು. ನಗಲಿ.

ಪ್ರತಿಕೃತಿಗೆ ಮೀರಿದ ಸಂಗತಿಗಳೂ ಉಂಟು. ಏರಿನಲ್ಲಿ ಮುಂದಿನ ಚಕ್ರ ಹಗುರವಾದಾಗ ಚಾಲಕನ ಅಂಗೈಗೆ ತಿಳಿಯುವುದು ಅದರಲ್ಲಿಲ್ಲ. ನೆನೆದ ಹಗ್ಗದ ವಾಸನೆಯಿಲ್ಲ. ಕೆಸರನ್ನಂತೂ ನಾವು ಸೋತು ಕೈಬ��ಟ್ಟೆವು. ಕೆಮ್ಮಣ್ಣು ಜುಲೈಯಲ್ಲಿ ಒಂದು ಬಗೆ, ಸೆಪ್ಟೆಂಬರಿನಲ್ಲಿ ಇನ್ನೊಂದು ಬಗೆ. ಅದಕ್ಕೆ ಒಂದೇ ಸಂಖ್ಯೆಯನ್ನು ಕೊಡುವುದು ಸುಳ್ಳಾಗುವುದು. ಪ್ರತಿಕೃತಿಯಲ್ಲಿ ದಾರಿ ಸದ್ಯಕ್ಕೆ ಒಣಗಿಯೇ ಇದೆ.

ಲಾರಿಯ ಪ್ರತಿಕೃತಿಯಲ್ಲಿ ಮರವನ್ನು ಉಳಿಸಿಕೊಳ್ಳಬೇಕೆ ಎಂಬ ಚರ್ಚೆ ನಮ್ಮಲ್ಲಿ ಬಹಳ ದಿನ ನಡೆಯಿತು. ಮರವು ಲಾರಿಯ ಭಾಗವಲ್ಲವೆಂದು ಕೆಲವರು, ಮರವಿಲ್ಲದೆ ವಿಂಚು ಎಳೆಯುವುದು ಲಾರಿಯನ್ನೇ ಎಂದು ಕೆಲವರು. ಕೊನೆಗೆ ಉಳಿಸಿಕೊಂಡೆವು. ಹಿರಿಯರು ತೋರಿಸಿದ ತಿರುವಿನಲ್ಲಿ, ಅವರು ಹೇಳಿದ ಎತ್ತರದಲ್ಲಿ ಎರಡು ಸುತ್ತು ಹಗ್ಗವನ್ನೂ, ಅದರ ತುದಿಯಲ್ಲಿ ಒಬ್ಬನೇ ಆಳನ್ನೂ ನಿಲ್ಲಿಸಿದ್ದೇವೆ. ಮರಕ್ಕೂ ಆಳಿಗೂ ಬಿಳಿಯ ಬಣ್ಣ. ಹಗ್ಗದ ಸುತ್ತುಗಳಿಗೆ ಮಾತ್ರ ಹಗ್ಗದ್ದೇ ಬಣ್ಣ.